ಟೇಪಿನೊಳಗಿನ ಗೋಳು

ಆಸ್ಪತ್ರೆಯ ಕಿವಿ ವಿಭಾಗದ ಕೊನೆಯಲ್ಲಿ ಒಂದು ಪುಟ್ಟ ಕೋಣೆ ಇತ್ತು. ಇಬ್ಬರು ನಿಂತರೆ ಮೂರನೆಯವರು ಉಸಿರು ಹಿಡಿದು ನಿಲ್ಲಬೇಕು, ಅಷ್ಟು ಇಕ್ಕಟ್ಟು. ಗೋಡೆ, ಚಾವಣಿಗೆಲ್ಲ ದಪ್ಪ ಸ್ಪಂಜು. ಬಾಗಿಲಿನ ಅಂಚಿಗೆ ರಬ್ಬರು. ಒಳಗೆ ಹೋಗಿ ಬಾಗಿಲು ಎಳೆದುಕೊಂಡರೆ ಹೊರಗಿನ ಲೋಕ ಇದ್ದಕ್ಕಿದ್ದಂತೆ ಸತ್ತುಹೋದಂತೆ ಅನ್ನಿಸುತ್ತಿತ್ತು. ಸ್ವಲ್ಪ ಹೊತ್ತು ಕೂತರೆ ತನ್ನ ಎದೆಬಡಿತವೇ ಪಕ್ಕದಲ್ಲಿ ಬೇರೆ ಯಾರದೋ ಎಂಬಂತೆ ಕೇಳತೊಡಗುತ್ತಿತ್ತು. ಕಿವಿ ಮಂದವಾದವರನ್ನು ಆ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಗಾಜಿನ ಕಿಟಕಿಯ ಈಚೆಯಿಂದ ಒಂದೊಂದೇ ಸಣ್ಣ ಸದ್ದು ಕಳಿಸಿ, ಅವರು ಕೇಳಿಸಿತೆಂದು ಗುಂಡಿ ಒತ್ತುವುದನ್ನು ನೋಡುತ್ತ ಕೂರುವುದು ಅಲ್ಲಿ ಕಿವಿ ಪರೀಕ್ಷೆ ಮಾಡುವ ಹೆಂಗಸಿನ ಕೆಲಸ. ಮುದುಕರು, ಮಕ್ಕಳು, ಕಾರ್ಖಾನೆಯ ಗದ್ದಲದಲ್ಲಿ ಕಿವಿ ಕಳೆದುಕೊಂಡವರು, ಎಲ್ಲರಿಗೂ ಅವಳು ಕಿವಿಯಕ್ಕ.

ಕಿವಿಯಕ್ಕನ ಜೊತೆಯವರು ಬಿಡುವಿನ ಹೊತ್ತಿನಲ್ಲಿ ಆ ಕೋಣೆಗೆ ನುಗ್ಗಿ ಒಂದು ಜೋಂಪು ತೆಗೆದು ಬರುತ್ತಿದ್ದರು. ಅವಳು ಮಾತ್ರ ಅಲ್ಲಿ ಒಬ್ಬಳೇ ಕೂತವಳಲ್ಲ. ಒಳಗಿನ ಧೂಳು ಒರೆಸುವಾಗಲೂ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿರುತ್ತಿದ್ದಳು. ಮನೆಯಲ್ಲಿ ಫ್ಯಾನು ಬೇಕು, ಇಲ್ಲವೇ ರೇಡಿಯೋ ಬೇಕು, ಕೊನೆಗೆ ನಲ್ಲಿಯಾದರೂ ತೊಟ್ಟಿಕ್ಕುತ್ತಿರಬೇಕು.

"ಸದ್ದಿಲ್ಲದಿದ್ರೆ ನಿನಗೆ ಅಷ್ಟೇನು ಭಯ?" ಎಂದು ಗಂಡ ರೇಗಿಸುತ್ತಿದ್ದ. ಅವನು ಬಸ್ಸು ಓಡಿಸುವವನು. "ನನ್ನ ಬಸ್ಸಿಗೆ ಬಂದು ಕೂತ್ಕೋ. ನಿಶ್ಶಬ್ದ ಅನ್ನೋದು ಟಿಕೆಟ್ ತಗೊಂಡ್ರೂ ಒಳಗೆ ಹತ್ತಕ್ಕಾಗಲ್ಲ."

ಅವಳು ನಗುತ್ತಿದ್ದಳು. ಅವಳ ಹೆದರಿಕೆ ನಿಶ್ಶಬ್ದದ್ದಲ್ಲ. ನಿಶ್ಶಬ್ದದ ಹಿಂದೆ ಬರುವುದರದ್ದು.

ಅವಳ ಅಪ್ಪ ಬೋಧಕರು. ಗೋಪುರ, ಗಂಟೆ ಇರುವ ದೊಡ್ಡ ಚರ್ಚಿನವರಲ್ಲ. ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಮಡಿಸುವ ಕುರ್ಚಿಗಳನ್ನು ಸಾಲು ಹಾಕಿ ನಡೆಸುತ್ತಿದ್ದ ಸಣ್ಣ ಸಭೆ ಅವರದು. ಕೆಳಗಿನಿಂದ ಹೊಸ ಹತ್ತಿಯ ವಾಸನೆ ಸದಾ ಮೇಲೇರಿ ಬರುತ್ತಿತ್ತು. ಮನೆಯಲ್ಲಿ ಬೋಧಕರು ಬಲು ಸಾಧು; ಕುರ್ಚಿಯ ಮೇಲೆ ಇರುವೆ ಇದ್ದರೆ ಊದಿ ಸರಿಸಿ ಕೂರುವ ಮನುಷ್ಯ. ವೇದಿಕೆ ಹತ್ತಿದರೆ ಮಾತ್ರ ಅವರ ಮುಖವೇ ಬೇರೆಯಾಗುತ್ತಿತ್ತು. ನರಕದ ಆರದ ಬೆಂಕಿ, ಅಲ್ಲಿ ಪಾಪಿಗಳನ್ನು ಕಡಿಯುವ ಸಾಯದ ಹುಳು, ಕೊನೆಯೇ ಇಲ್ಲದ ಕಾಲ, ಇವುಗಳನ್ನು ಅವರು ಪಕ್ಕದ ಬೀದಿಯ ವಿಳಾಸ ಹೇಳಿದಷ್ಟು ಖಚಿತವಾಗಿ ಹೇಳುತ್ತಿದ್ದರು. ತಿಂಗಳಿಗೊಮ್ಮೆ, ಸಂಜೆಯ ಕೂಟದ ಕೊನೆಯಲ್ಲಿ, "ದೀಪ ಆರಿಸಿ" ಎನ್ನುವರು. ಕತ್ತಲಲ್ಲಿ ಟೇಪ್ ರೆಕಾರ್ಡರಿನ ಗುಂಡಿ ಟಕ್ಕೆಂದು ಬೀಳುವುದು.

"ಇದು ಎಲ್ಲಿಂದ ಬಂತು ಅಂತ ನನ್ನ ಕೇಳಬೇಡಿ. ಕೇಳಿಸ್ಕೊಳ್ಳಿ, ಅಷ್ಟೇ."

ಮೊದಲು ಬರೀ ಸರಸರ. ಆಮೇಲೆ ಅದು ಬರುತ್ತಿತ್ತು. ಎಣ್ಣೆ ಕಾಣದ ಬಾಗಿಲು ಮೆಲ್ಲಗೆ ತೆರೆದಂತೆ ಶುರುವಾಗಿ, ಏರಿ, ಏರಿ, ಇನ್ನು ಏರಲಾರದ ಕಡೆ ಒಡೆದು, ಮತ್ತೆ ತಳದಿಂದ ಹತ್ತುವ ದನಿ. ಮಾತಿಲ್ಲ. ಗಂಡಸಿನದೋ ಹೆಂಗಸಿನದೋ ಹೇಳುವಂತಿಲ್ಲ, ಮನುಷ್ಯರದು ಹೌದೋ ಅಲ್ಲವೋ ಎಂದೂ. ಹಳೆಯ ಯಂತ್ರ, ಸವೆದ ಟೇಪು; ಎಳೆದೆಳೆದು ಓಡುತ್ತಿದ್ದುದರಿಂದ ದನಿ ದಪ್ಪಗಾಗಿ ನೆಲದಡಿಯಿಂದ ಬಂದಂತಿರುತ್ತಿತ್ತು. ಕತ್ತಲಲ್ಲಿ ಕುರ್ಚಿಗಳು ಕಿರುಗುಟ್ಟುತ್ತಿದ್ದವು. ಜನ ಜಾರಿ ಮೊಣಕಾಲೂರುತ್ತಿದ್ದರು. ದೀಪ ಹತ್ತಿದಾಗ ಎಲ್ಲರ ಮುಖದಲ್ಲೂ ನೀರು. ಹಾಗೆ ಎಷ್ಟೋ ಜನ ಕುಡಿತ ಬಿಟ್ಟರು, ಜಗಳ ಬಿಟ್ಟರು, ಹೆಂಡತಿಯನ್ನು ಹೊಡೆಯುವುದನ್ನು ಬಿಟ್ಟರು. ಬೋಧಕರ ಸಭೆ ಬೆಳೆದದ್ದೇ ಆ ದನಿಯಿಂದ.

ಅವಳ ಅಮ್ಮ ಮಾತ್ರ ಯಾವತ್ತೂ ಮುಂದಿನ ಸಾಲು ಬಿಟ್ಟವಳಲ್ಲ. ಮೊಣಕಾಲೂರಿದವಳೂ ಅಲ್ಲ. ಒಮ್ಮೆ, ಕಿವಿಯಕ್ಕ ಇನ್ನೂ ಹುಡುಗಿಯಾಗಿದ್ದಾಗ, ದನಿ ಶುರುವಾದ ಹೊತ್ತಿಗೆ ಕೆಳಗಿನ ಬೀದಿಯಲ್ಲಿ ಲಾರಿಯೊಂದು ತಿರುಗಿತು. ಅದರ ಬೆಳಕು ಕಿಟಕಿಯಿಂದ ಬಂದು ಗೋಡೆಯ ಉದ್ದಕ್ಕೂ ಹರಿದು ಅಮ್ಮನ ಮುಖದ ಮೇಲೆ ಹಾಯಿತು. ಅಮ್ಮನ ಬಾಯಿ ತೆರೆದಿತ್ತು. ಟೇಪಿನ ದನಿ ಏರಿದಂತೆ ಅದು ಅಗಲವಾಗುತ್ತಿತ್ತು, ದನಿ ಒಡೆದ ಕಡೆ ಮುಚ್ಚಿತು, ಮತ್ತೆ ತೆರೆಯಿತು. ಒಂದಿಷ್ಟೂ ಹಿಂದೆ ಮುಂದೆ ಆಗಲಿಲ್ಲ. ಬೆಳಕು ಹೋಯಿತು. ಆ ದನಿ ಅಮ್ಮನೊಳಗೆ ಹೊಕ್ಕಿದೆ ಎಂದು ಹುಡುಗಿಗೆ ಅನ್ನಿಸಿತು. ಆ ರಾತ್ರಿಯಿಂದ ಎಷ್ಟೋ ದಿನ ಅಮ್ಮ ತಲೆ ಬಾಚಲು ಬಂದರೆ ಕತ್ತು ಬಿಗಿಹಿಡಿದು ಕೂರುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನೆಂದು?

ಅದೇ ವರ್ಷ ಇನ್ನೊಂದು ಆಯಿತು. ಶಾಲೆಯಿಂದ ಬಂದರೆ ಮನೆಬಾಗಿಲು ತೆರೆದೇ ಇದೆ. ಒಲೆಯ ಮೇಲೆ ಹಾಲು ಉಕ್ಕಿ ಸೀದು ಹೊಗೆ ಏಳುತ್ತಿದೆ. ಅಮ್ಮನ ಚಪ್ಪಲಿ ಬಾಗಿಲಲ್ಲಿದೆ, ಅಮ್ಮ ಇಲ್ಲ. ಅಪ್ಪನ ಕನ್ನಡಕ ತೆರೆದ ಪುಸ್ತಕದ ಮೇಲಿದೆ, ಅಪ್ಪ ಇಲ್ಲ. ಬೀದಿಯಲ್ಲೂ ಆ ಹೊತ್ತಿಗೆ ಒಂದು ನರಪಿಳ್ಳೆ ಇಲ್ಲ. ಕರ್ತನು ಬರುವ ದಿನ ನೀತಿವಂತರನ್ನು ಇದ್ದಲ್ಲಿಂದಲೇ ಎತ್ತಿಕೊಂಡು ಹೋಗುತ್ತಾನೆ, ಉಳಿದವರು ಉಳಿಯುತ್ತಾರೆ ಎಂದು ಅಪ್ಪ ಹಿಂದಿನ ವಾರವಷ್ಟೇ ಬೋಧಿಸಿದ್ದರು. ಹುಡುಗಿ ಚೀಲ ಕೂಡ ಇಳಿಸಲಿಲ್ಲ. ಬಟ್ಟೆಯ ಬೀರುವಿನೊಳಗೆ ಹೊಕ್ಕು, ಬಾಗಿಲೆಳೆದುಕೊಂಡು, ಕಿವಿಗೊಟ್ಟು ಕೂತಳು. ಇನ್ನೇನು, ಆ ದನಿ ಈಗ ಶುರುವಾಗುತ್ತದೆ. ಅಡುಗೆಮನೆ ಕಡೆಯಿಂದಲೋ, ನೆಲದಡಿಯಿಂದಲೋ.

ಪಕ್ಕದ ಮನೆಯ ಮುದುಕಿ ಬಚ್ಚಲಲ್ಲಿ ಜಾರಿಬಿದ್ದಿದ್ದಳಂತೆ. ಅಪ್ಪ ಅಮ್ಮ ಇಬ್ಬರೂ ಬರಿಗಾಲಲ್ಲಿ ಓಡಿದ್ದರಂತೆ. ಅಮ್ಮ ಬೀರು ತೆರೆದಾಗ ಹುಡುಗಿಯ ಹಲ್ಲು ಕಟಕಟ ಅನ್ನುತ್ತಿತ್ತು.

"ಇಲ್ಲೇ ಇದ್ದೀನಲ್ಲೇ! ಎಲ್ಲಿಗೆ ಹೋಗ್ತೀನಿ ನಿನ್ನ ಬಿಟ್ಟು?" ಎಂದು ಅಮ್ಮ ಅಪ್ಪಿಕೊಂಡಳು. ಅಪ್ಪ ಬಾಗಿಲಲ್ಲಿ ನಿಂತು, "ಹೆದರ್ಲಿ ಬಿಡು, ಆ ಹೆದರಿಕೆಯೇ ಅವಳನ್ನ ಕಾಯತ್ತೆ" ಎಂದರು. ಸಿಟ್ಟಿನಿಂದಲ್ಲ, ಜ್ವರದ ಮಗುವಿಗೆ ಕಹಿ ಔಷಧಿ ಕುಡಿಸುವವರ ಹಾಗೆ.

ಹೆದರಿಕೆ ಕಾದದ್ದೇನೋ ನಿಜ. ಅವಳು ಸುಳ್ಳಾಡದೆ, ಕದಿಯದೆ, ಒಬ್ಬರಿಗೆ ಒಂದು ಮಾತು ಎದುರಾಡದೆ ಬೆಳೆದಳು. ಮದುವೆಯಾದಳು, ಕೆಲಸಕ್ಕೆ ಸೇರಿದಳು. ಆದರೆ ಬೆಂಕಿಕಡ್ಡಿ ಗೀರಿದ ವಾಸನೆ ಬಂದರೆ ಈಗಲೂ ಎದ್ದು ಕಿಟಕಿ ತೆರೆಯುತ್ತಿದ್ದಳು. ರೋಗಿಯೊಬ್ಬರಿಗೆ ಬೇಸರದಲ್ಲಿ ಉತ್ತರ ಕೊಟ್ಟರೆ, ಮನೆಗೆ ಹೋಗುವ ದಾರಿಯಲ್ಲಿ ತನ್ನ ಮೇಲೆ ಲಾರಿ ಹರಿದರೆ ಕ್ಷಮೆ ಕೇಳಲು ಹೊತ್ತು ಸಿಗುತ್ತದೋ ಇಲ್ಲವೋ ಎಂದು ಅಲ್ಲೇ ಗೋಡೆ ಕಡೆ ತಿರುಗಿ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದಳು. ದೇವರು ಪ್ರೀತಿ ಎಂದು ಬಾಯಿ ಹೇಳುತ್ತಿತ್ತು. ಮೈ ಮಾತ್ರ ದೇವರೆಂದರೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕತ್ತಲಲ್ಲಿ ಕೂತವನೆಂದೇ ತಿಳಿದಿತ್ತು.

"ನಿಮ್ಮಪ್ಪನ ನರಕದಲ್ಲಿ ಸೀಟು ಸಿಗತ್ತೋ, ಇಲ್ಲ ನಿಂತ್ಕೊಂಡೇ ಹೋಗ್ಬೇಕೋ?" ಎಂದು ಗಂಡ ಒಂದು ಸಲ ಕೇಳಿದ. ಅವಳು ಬಿಳಿಚಿಕೊಂಡದ್ದು ಕಂಡು ಆ ತಮಾಷೆಯನ್ನು ಮತ್ತೆ ಎತ್ತಲಿಲ್ಲ.

ಬೋಧಕರಿಗೆ ವಯಸ್ಸಾಯಿತು. ಕಾಲು ಸೋತಿತು, ಸಭೆಯನ್ನು ಕಿರಿಯ ಬೋಧಕನೊಬ್ಬನಿಗೆ ಒಪ್ಪಿಸಿದರು. ಆಮೇಲೆ ಕಿವಿ ಹೋಗತೊಡಗಿತು. ಟೇಪನ್ನು ಕಿರಿಯವನೂ ಹಾಕುತ್ತಿದ್ದ, ಆದರೆ ಪ್ರತಿ ಸಲ ಮುಗಿದ ಮೇಲೆ ಅಮ್ಮ ಅದನ್ನು ಕೇಳಿ ಇಸಿದುಕೊಂಡು ಮನೆಗೆ ತರುತ್ತಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಕಿವಿಯಕ್ಕ ಅಪ್ಪನನ್ನು ಆಸ್ಪತ್ರೆಗೆ ಕರೆತಂದಳು. ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟಳು. ಎಷ್ಟು ಸಣ್ಣ ಸದ್ದಾದರೂ ಒತ್ತಬೇಕೆಂದು ಬೆರಳಿನಿಂದ ಸನ್ನೆ ಮಾಡಿ ತೋರಿಸಿದಳು. ಬಾಗಿಲು ಹಾಕಿ ಈಚೆ ಬಂದು ಯಂತ್ರದ ಮುಂದೆ ಕೂರುವಷ್ಟರಲ್ಲೇ ಅವಳ ಕಡೆಯ ದೀಪ ಹತ್ತಿತು. ಅಪ್ಪ ಗುಂಡಿ ಒತ್ತಿದ್ದರು.

ಕೈ ತಾಗಿರಬೇಕು ಅಂದುಕೊಂಡಳು. ದೀಪ ಮತ್ತೆ ಹತ್ತಿತು. ಮತ್ತೆ. ಗಾಜಿನಾಚೆ ಅಪ್ಪ ಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಒತ್ತುತ್ತಿದ್ದರು; ಕಣ್ಣು ಮೂಲೆಯ ಕಡೆ ನೆಟ್ಟಿತ್ತು. ಅವಳು ಎದ್ದು ಬಾಗಿಲು ತೆರೆದಳು. ಹೆಡ್‌ಫೋನ್ ಸರಿಸಿ, ಕಿವಿಯ ಬಳಿ ಬಾಗಿ, ಗಟ್ಟಿಯಾಗಿ, "ಅಪ್ಪಾ, ನಾನಿನ್ನೂ ಶುರು ಮಾಡಿಲ್ಲ" ಎಂದಳು.

"ಶುರು ಆಗಿದೆ," ಎಂದರು ಬೋಧಕರು. "ಆವಾಗ್ಲೇ ಶುರು ಆಗಿದೆ ಮಗಳೇ. ಅದೇ ದನಿ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ತನ್ನ ವಿದ್ಯೆ ಅವಳಿಗೆ ಗೊತ್ತಿತ್ತು. ಕಿವಿಗೆ ಹೊರಗಿನ ಸದ್ದು ನಿಂತಾಗ ಕೆಲವರ ತಲೆ ತಾನೇ ಸದ್ದು ಹುಟ್ಟಿಸಿಕೊಳ್ಳುತ್ತದೆ. ಒಬ್ಬ ಅಜ್ಜಿಗೆ ಮದುವೆಯ ಹಾಡು, ಒಬ್ಬ ನಿವೃತ್ತ ರೈಲ್ವೆಯವರಿಗೆ ಬಂಡಿಯ ಕೂಗು ಕೇಳಿಸುತ್ತಿದ್ದುದನ್ನು ಅವಳೇ ಬರೆದುಕೊಂಡಿದ್ದಳು. ಜೀವಮಾನವೆಲ್ಲ ಕೇಳಿದ್ದು ಕೊನೆಗೆ ಮರಳಿ ಬರುತ್ತದೆ, ಅಷ್ಟೇ. ಇದನ್ನೆಲ್ಲ ಅಪ್ಪನಿಗೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು. ಅವರು ಓದಿ, ಹಾಳೆಯನ್ನು ಮಡಿಸಿ ಅವಳಿಗೇ ಕೊಟ್ಟರು.

"ಅದು ನನ್ನ ತಲೆಯಿಂದ ಬರ್ತಾ ಇಲ್ಲ. ದಿಕ್ಕು ಇದೆ ಅದಕ್ಕೆ," ಎಂದರು.

ಅಪ್ಪನನ್ನು ನೋಡಿಕೊಳ್ಳಲು ಕಿವಿಯಕ್ಕ ತವರಿಗೆ ಹೋಗಿಬರತೊಡಗಿದಳು. ಅಲ್ಲಿ ದಿಕ್ಕು ಸ್ಪಷ್ಟವಾಯಿತು. ಮೊದಲು ಅದು ಬೀದಿ ಕಡೆಯ ಗೋಡೆಯ ಆಚೆ ಇತ್ತಂತೆ. ನಾಲ್ಕು ದಿನ ಕಳೆದು ಕೇಳಿದರೆ ಬೀರುವಿನ ಹತ್ತಿರ. ಆಮೇಲೆ ಮಂಚದ ಕಾಲಿನ ಬಳಿ. ಹಗಲು ಹೊತ್ತಿನಲ್ಲಿ, ಕಿಟಕಿಯಿಂದ ಬಿಸಿಲು ಚೆಲ್ಲಿರುವಾಗ, ಬೋಧಕರು ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿ ಕಾಲುಗಳನ್ನು ಮೇಲೆಳೆದುಕೊಳ್ಳುತ್ತಿದ್ದರು. ನೋಡುವವರಿಗೆ ಅಲ್ಲಿ ಏನೂ ಇಲ್ಲ. ಆದರೆ ಒಬ್ಬ ಮನುಷ್ಯ ಅಷ್ಟು ಗಮನವಿಟ್ಟು ಖಾಲಿ ಜಾಗವನ್ನು ನೋಡಿದರೆ, ಪಕ್ಕದಲ್ಲಿದ್ದವರ ಕಣ್ಣೂ ತಾನಾಗಿ ಅತ್ತ ಹೋಗುತ್ತದೆ. ಕಿವಿಯಕ್ಕ ಆ ಕೋಣೆಗೆ ಊಟದ ತಟ್ಟೆ ತರುವಾಗ ಮಂಚದ ಕಾಲಿನ ಕಡೆಯಿಂದ ಸುತ್ತು ಹಾಕಿ ಬರತೊಡಗಿದಳು.

ಕಿರಿಯ ಬೋಧಕ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ. ಹೋಗುವಾಗ ಕಿವಿಯಕ್ಕನನ್ನು ಪಕ್ಕಕ್ಕೆ ಕರೆದು, "ಅಪ್ಪಾರು ಒಪ್ಪಿಕೊಳ್ಳದ ಪಾಪ ಏನಾದ್ರೂ ಉಳಿದಿರಬೇಕು ಅಕ್ಕಾ. ಕೇಳಿ ನೋಡಿ" ಎಂದ. ಹೆದರಿದವರ ಮೇಲೆ ಹಾವು ಎಸೆದಂತಾಯಿತು. ಹೇಗೋ ಆ ಮಾತು ಬೋಧಕರಿಗೆ ತಲುಪಿತು. ಅಂದಿನಿಂದ ಅವರು ತಮ್ಮ ಪಾಪ ಹುಡುಕತೊಡಗಿದರು. ಚಿಕ್ಕಂದಿನಲ್ಲಿ ಗೆಳೆಯನ ಬಳಪ ಮುರಿದದ್ದು, ಅಣ್ಣನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು. ಅನ್ನ ಬಿಟ್ಟರು. "ಕೊನೇಲಿ ಅದು ನನ್ನನ್ನೇ ಬಿಡಲಿಲ್ಲ ನೋಡು," ಎಂದು ಮಗಳ ಕೈ ಹಿಡಿದು ಅತ್ತರು. "ಎಷ್ಟು ಜನಕ್ಕೆ ದಾರಿ ತೋರಿಸ್ದೆ. ನನಗೇ ಕದ ಮುಚ್ಚಿದೆ."

ಆ ಮುಖ ನೋಡಿ ಅವಳಿಗೆ ತಡೆಯಲಾಗಲಿಲ್ಲ. ನೇರ ಅಡುಗೆಮನೆಗೆ ಹೋದಳು. ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಅಮ್ಮಾ, ಆ ಟೇಪು ಎಲ್ಲಿದೆ ಕೊಡು. ಅಪ್ಪನ ಕೈಲಿಟ್ಟು ಇದು ಬರೀ ಟೇಪು ಅಂತ ತೋರಿಸ್ತೀನಿ. ಅದನ್ನ ಯಾರು ಕೊಟ್ಟರು ಅವರಿಗೆ? ಯಾವ ನಾಟಕದವರದು? ನಿನಗೆ ಗೊತ್ತಾ?"

ಅಮ್ಮ ಬಟ್ಟೆ ಕೆಳಗಿಟ್ಟಳು. "ಗೊತ್ತು," ಎಂದಳು. "ಅದು ನಾನೇ."

ಅಲ್ಲೇ ಕೂತು, ಮಗಳ ಮುಖ ನೋಡದೆ, ಎಲ್ಲ ಹೇಳಿದಳು. ಕಿವಿಯಕ್ಕ ಹುಟ್ಟುವ ಮೊದಲು ಇನ್ನೊಂದು ಮಗು ಇತ್ತು. ಹೆಣ್ಣು. ಮೂರು ತಿಂಗಳೂ ತುಂಬಿರಲಿಲ್ಲ. ಜ್ವರ ಬಂದಿತ್ತು, ಇಳಿಯುತ್ತಿದೆ ಎಂದುಕೊಂಡಿದ್ದರು. ಸಭೆಯ ಯಾರೋ ಹೊಸ ಟೇಪ್ ರೆಕಾರ್ಡರ್ ಕೊಟ್ಟಿದ್ದರು. ಹೊರಗಿನ ಕೋಣೆಯಲ್ಲಿ ಅಪ್ಪ ಅದನ್ನು ಹಚ್ಚಿಟ್ಟು ಹಾಡು ಹೇಳಿ ತುಂಬಿಸುತ್ತಿದ್ದರು. ಅವರು ಒಂದು ಹಾಡು ಮುಗಿಸಿ ನಿಂತ ಹೊತ್ತಿಗೆ, ತೆರೆದ ಬಾಗಿಲಿನ ಒಳಗೆ ಅಮ್ಮನ ತೊಡೆಯ ಮೇಲೆ ಮಗು ಸಣ್ಣಗೆ ಒಮ್ಮೆ ನರಳಿತು, ಮತ್ತೆ ನರಳಲಿಲ್ಲ. ಅಪ್ಪ ಓಡಿ ಬಂದರು. ಯಂತ್ರವನ್ನು ನಿಲ್ಲಿಸಬೇಕೆಂಬುದು ಯಾರಿಗೆ ನೆನಪಿರುತ್ತದೆ? ಅಮ್ಮನ ಅಳು ಹಾಗೇ ಟೇಪಿನಲ್ಲಿ ತುಂಬಿಕೊಂಡಿತು.

"ಮಣ್ಣು ಮಾಡಿ ಬಂದ ಮೇಲೆ ನಾನು ಕೇಳ್ದೆ. ಹುಟ್ಟಿದೋರೆಲ್ಲ ಪಾಪದಲ್ಲೇ ಹುಟ್ಟಿದ್ದು ಅಂತೀರಲ್ಲ, ನನ್ನ ಕೂಸು ಎಲ್ಲಿದೆ ಹೇಳಿ ಅಂತ. ಅವರು ಬಾಯಿ ಬಿಡ್ಲಿಲ್ಲ. ನನ್ನ ಮುಖ ನೋಡಕ್ಕಾಗ್ದೆ ಎದ್ದು ಹೋದ್ರು. ಆಮೇಲೆ ಒಂದಿನ ಒಬ್ರೇ ಕೂತು ಆ ಟೇಪು ಕೇಳ್ತಿದ್ರು. 'ನರಕ ಅಂದ್ರೆ ಇದೇ' ಅಂದ್ರು. 'ಒಬ್ರಾದ್ರೂ ಹೀಗೆ ಅಳಬಾರ್ದು. ಜನಕ್ಕೆ ಇದನ್ನ ಕೇಳಿಸ್ತೀನಿ, ಪಾಪ ಬಿಟ್ಟು ತಿರುಗಿಕೊಳ್ತಾರೆ.' ಮೋಸ ಮಾಡ್ಬೇಕು ಅಂತ ಶುರು ಮಾಡಿದ್ದಲ್ಲ ಕಣೆ. ಹೇಳ್ತಾ ಹೇಳ್ತಾ ಅವರೇ ಮರೆತ್ರು."

"ನೀನು ಮರೀಲಿಲ್ಲವಲ್ಲ!" ಮಗಳ ದನಿ ಏರಿತು. "ನಾನು ಬೀರುವಲ್ಲಿ ಕೂತು ಹಲ್ಲು ಕಡೀತಿದ್ದಾಗ ನಿನಗೆ ಗೊತ್ತಿತ್ತು. ಇವತ್ತಿನವರೆಗೂ ಹೆದರಿ ಸಾಯ್ತಿದ್ದೀನಿ ನಾನು. ಒಂದು ಮಾತು ಹೇಳಕ್ಕೇನಾಗಿತ್ತು ನಿನಗೆ?"

ಅಮ್ಮ ಕೆಳಗಿಟ್ಟಿದ್ದ ಬಟ್ಟೆಯನ್ನು ಮತ್ತೆ ಎತ್ತಿ ಮಡಿಸಿದಳು.

"ಹೇಳಿದ್ರೆ ಟೇಪು ಹಾಕೋದು ನಿಂತು ಹೋಗ್ತಿತ್ತು," ಎಂದಳು ಕೊನೆಗೆ. "ಅವರು ಅದನ್ನ ಹಿಂದಕ್ಕೆ ಸುತ್ತಿ ಇಡ್ತಿದ್ರಲ್ಲ, ಕೆಲವೊಂದ್ಸಲ ಚೂರು ಹೆಚ್ಚಿಗೆ ಸುತ್ತಿಬಿಡೋರು. ಆಗ ನನ್ನ ಅಳುವಿಗಿಂತ ಮುಂಚೆ ಕೂಸಿನ ದನಿ ಬರ್ತಿತ್ತು. ಒಂದೇ ಒಂದು ಸಲ ನರಳೋದು. ಬೇರೆಯೋರಿಗೆ ಅದು ಟೇಪಿನ ಸದ್ದು. ಅದಕ್ಕೇ ಮುಂದಿನ ಸಾಲಲ್ಲಿ ಕೂರ್ತಿದ್ದೆ. ಮನೇಲಿ ನನಗೆ ಆ ಯಂತ್ರ ಮುಟ್ಟೋಕೂ ಕೈ ಬರ್ತಿರ್ಲಿಲ್ಲ... ತಪ್ಪೇ. ಇದ್ದ ಮಗುವಿನ ಹೆದರಿಕೆ ಬಿಡಿಸೋದು ಬಿಟ್ಟು, ಹೋದ ಮಗುವಿನ ದನಿ ಕಾಯ್ತಾ ಕೂತೆ."

ಕಿವಿಯಕ್ಕನಿಗೆ ಸಿಟ್ಟು ಇಳಿಯಲಿಲ್ಲ. ಆದರೆ ಸಿಟ್ಟಿನ ಜೊತೆಗೆ ಬೇರೇನೋ ಸೇರಿಕೊಂಡಿತು. ಅಷ್ಟರಲ್ಲಿ ಒಳಗಿನಿಂದ ಬೋಧಕರು ಕೂಗಿದರು. ಹೆಸರು ಹಿಡಿದಲ್ಲ; ಬರೀ ಕೂಗು.

ಇಬ್ಬರೂ ಓಡಿದರು. ಬೋಧಕರು ಮಂಚದ ತಲೆಯ ಕಡೆಗೆ ಸರಿದು, ಗೋಡೆಗೆ ಒತ್ತಿಕೊಂಡು, ದಿಂಬನ್ನು ಎದೆಗೆ ಹಿಡಿದು ಕೂತಿದ್ದರು. "ಮಂಚ ಹತ್ತಿದೆ," ಎಂದರು. "ಮಂಚ ಹತ್ತಿದೆ ಅದು."

ಅಮ್ಮ ಮಂಚದ ಮೇಲೆ, ಅವರು ನೋಡುತ್ತಿದ್ದ ಆ ಖಾಲಿ ಜಾಗದಲ್ಲೇ ಹೋಗಿ ಕೂತಳು. ಅವರ ಬಲಗೈಯನ್ನು ದಿಂಬಿನಿಂದ ಬಿಡಿಸಿ ತನ್ನ ಗಂಟಲಿನ ಮೇಲೆ ಇಟ್ಟುಕೊಂಡಳು. ಗಟ್ಟಿಯಾಗಿ ಒತ್ತಿಹಿಡಿದಳು. ಬಾಯಿ ತೆರೆದಳು.

ಕಿವಿಯಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಎಣ್ಣೆ ಕಾಣದ ಬಾಗಿಲಿನಂತೆ ಶುರುವಾಗಿ, ಏರಿ, ಒಡೆದು, ಮತ್ತೆ ತಳದಿಂದ ಹತ್ತುವ ಅದೇ ದನಿ, ಹಾಡುಹಗಲಲ್ಲಿ, ತನ್ನ ಅಮ್ಮನ ಬಾಯಿಂದ ಬರುತ್ತಿತ್ತು. ಟೇಪಿಗಿಂತ ತೆಳ್ಳಗೆ, ಟೇಪಿಗಿಂತ ಬೇಗ. ಹೆಂಗಸಿನ ದನಿ. ಪಕ್ಕದ ಮನೆಯ ಕಿಟಕಿಯೊಂದು ತೆರೆದ ಸದ್ದಾಯಿತು. ಮೈಯೆಲ್ಲ ಮುಳ್ಳೆದ್ದರೂ ಅವಳಿಗೆ ಓಡಬೇಕೆನ್ನಿಸಲಿಲ್ಲ. ಹುಟ್ಟಿದಾಗಿನಿಂದ ಹೆದರಿದ ಆ ದನಿಗೆ ಹೋಗಿ ನೀರು ಕೊಡಬೇಕು, ಬೆನ್ನು ಸವರಬೇಕು ಅನ್ನಿಸಿತು.

ಬೋಧಕರ ಕೈ ಅಮ್ಮನ ಗಂಟಲಿನ ಮೇಲೇ ಇತ್ತು. ಅದರಡಿಯಲ್ಲಿ ಏರಿಳಿಯುವುದನ್ನು ಅವರು ಬೆರಳಿನಿಂದ ಕೇಳುತ್ತಿದ್ದರು. ಕಣ್ಣು ಮೆಲ್ಲಗೆ ಖಾಲಿ ಜಾಗವನ್ನು ಬಿಟ್ಟು ಹೆಂಡತಿಯ ಮುಖಕ್ಕೆ ಬಂತು.

"ನೀನಾ?" ಎಂದರು.

ಅಮ್ಮ ಉಸಿರೆಳೆದುಕೊಂಡು ತಲೆಯಾಡಿಸಿದಳು.

"ಇಷ್ಟು ದಿನಾನೂ ನೀನೇನಾ?"

"ನಾನೇ ಕಣ್ರೀ. ಬೇರೆ ಯಾರೂ ಇಲ್ಲ ಅಲ್ಲಿ."

ಅವರಿಗೆ ಕೇಳಿಸಿತೋ, ತುಟಿ ಓದಿದರೋ. ಯಾವತ್ತೋ ಉತ್ತರ ಕೊಡದೆ ಬಿಟ್ಟ ಪ್ರಶ್ನೆಯನ್ನು ಅವರೇ ಕೇಳಿದರು: "ಕೂಸು ಎಲ್ಲಿದೆ?"

ಅಮ್ಮ ಅವರ ಅಂಗೈಯಲ್ಲಿ ಬೆರಳಿನಿಂದ ಬರೆದಳು. ಏನು ಬರೆದಳೆಂದು ಆಮೇಲೆ ಮಗಳು ಕೇಳಿದ್ದಕ್ಕೆ ಹೇಳಿದಳು: ಬೆಂಕಿಯಲ್ಲಿಲ್ಲ ಅಂತ ಬರೆದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲವಲ್ಲ.

ದನಿ ನಿಲ್ಲಲಿಲ್ಲ. ಬೋಧಕರು ಬದುಕಿದ್ದಷ್ಟು ದಿನವೂ ಅದು ಕೇಳುತ್ತಲೇ ಇತ್ತು. ಕಿವಿಯ ದೋಷ ಮಾತಿನಿಂದ ವಾಸಿಯಾಗುವುದಿಲ್ಲ. ಆದರೆ ಈಗ ಅದು ಕೇಳಿದಾಗ ಅವರು ಕಾಲು ಮೇಲೆಳೆದುಕೊಳ್ಳುತ್ತಿರಲಿಲ್ಲ. "ನಿಮ್ಮಮ್ಮ ಅಳ್ತಿದ್ದಾಳೆ, ಹೋಗಿ ನೋಡು" ಎಂದು ಮಗಳನ್ನು ಕಳಿಸುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, "ಇಲ್ಲ ಅಂತ ಹೇಳು" ಎನ್ನುತ್ತಿದ್ದಳು. ಕೆಲವು ಸಲ ಅವರು ಗಾಳಿಯಲ್ಲಿ ಕೈಯಾಡಿಸಿ ಕಾಣದ ಬೆನ್ನೊಂದನ್ನು ತಟ್ಟುತ್ತಿದ್ದರು. ಕ್ಷಮಿಸು ಎಂದು ಹೆಂಡತಿಯನ್ನು ಕೇಳಿದರೇ? ಕೇಳಿದ್ದನ್ನು ಕಿವಿಯಕ್ಕ ಕಾಣಲಿಲ್ಲ. ಊಟ ಮಾತ್ರ ಮಾಡಿದರು, ಅಮ್ಮ ಕಲಸಿ ಕೊಟ್ಟರೆ. ಒಂದು ಮಧ್ಯಾಹ್ನ, ಅಮ್ಮ ಪಕ್ಕದಲ್ಲೇ ಕೂತು ಗುಂಡಿ ಹೊಲಿಯುತ್ತಿರುವಾಗ, ಹೋಗಿಬಿಟ್ಟರು.

ಅವರ ನೆನಪಿನ ಕೂಟಕ್ಕೆ ಮೊದಲು ಕಿರಿಯ ಬೋಧಕ ಟೇಪು ಕೇಳಿಕೊಂಡು ಬಂದ. ಅಮ್ಮ ಕೊಡುವುದಿಲ್ಲ ಎಂದಳು.

"ಅದು ಸಭೆಯ ಆಸ್ತಿ ಅಲ್ವಾ ಅಮ್ಮಾ?"

"ಅದು ನನ್ನ ಗಂಟಲು ಕಣಪ್ಪಾ," ಎಂದಳು ಅಮ್ಮ. ಅವನಿಗೆ ಅರ್ಥವಾಗಲಿಲ್ಲ.

ಕೂಟದ ಸಂಜೆ ಮಹಡಿ ತುಂಬಿತ್ತು. ಕಿರಿಯವನು ಬೋಧಕರ ಸೇವೆಯನ್ನು ಹೊಗಳಿದ, ಎಷ್ಟು ಆತ್ಮಗಳನ್ನು ಬೆಂಕಿಯಿಂದ ಎಳೆದುಕೊಂಡರೆಂದು ಹೇಳಿದ. ಮಾತು ಮುಗಿಯುವ ಹೊತ್ತಿಗೆ, ಸ್ವಿಚ್ಚಿನ ಪಕ್ಕ ಕೂರುವ ಹಿರಿಯರೊಬ್ಬರು ವರ್ಷಗಟ್ಟಲೆಯ ರೂಢಿಯಿಂದ ಎದ್ದು ದೀಪ ಆರಿಸಿಬಿಟ್ಟರು. ಟೇಪು ಇರಲಿಲ್ಲ. ಗುಂಡಿ ಬೀಳಲಿಲ್ಲ. ಬರೀ ಕತ್ತಲು, ಹತ್ತಿಯ ವಾಸನೆ, ಅಷ್ಟು ಜನರ ಉಸಿರು.

ಕಿವಿಯಕ್ಕ ಕಾದಳು, ಯಾರಾದರೂ ಕೆಮ್ಮಿಯಾರು, ನಕ್ಕಾರು, ದೀಪ ಹಾಕಿ ಅಂದಾರು ಎಂದು. ಯಾರೂ ಅನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಆಮೇಲೆ ಇನ್ನೊಂದು. ಯಾರೋ ಜಾರಿ ಮೊಣಕಾಲೂರಿದ ಸದ್ದು. ಒಬ್ಬ ಹೆಂಗಸು ಬಿಕ್ಕಿದಳು. ಅವಳ ಹಿಂದೆ ಮತ್ತೊಬ್ಬರು. ಇಲ್ಲದ ದನಿಯನ್ನು ಮಹಡಿಯಷ್ಟೂ ಜನ ಕೇಳಿಸಿಕೊಳ್ಳುತ್ತಿದ್ದರು. ಕಿವಿಯಕ್ಕನ ಕಿವಿಯೂ ಒಂದು ಕ್ಷಣ ಆ ಸರಸರವನ್ನು ಹುಡುಕಿತು.

ಎದ್ದು, ಗೋಡೆ ತಡವಿ, ದೀಪ ಹಾಕಿದಳು. ಜನ ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಸಭೆಯಲ್ಲಿ ಅವಳು ಯಾವತ್ತೂ ಎದ್ದು ನಿಂತು ತನ್ನ ಅನುಭವದ ಸಾಕ್ಷಿ ಹೇಳಿದವಳಲ್ಲ. ಅಮ್ಮನ ಕಡೆ ನೋಡಿದಳು. ಅಮ್ಮ, ಹೇಳು ಅನ್ನುವಂತೆ ಗದ್ದ ಎತ್ತಿದಳು. ಕಿವಿಯಕ್ಕ ಹೇಳಿದಳು. ಮಗು, ಜ್ವರ, ಓಡುತ್ತಿದ್ದ ಯಂತ್ರ. ಅಪ್ಪ ಕೊನೆಯಲ್ಲಿ ಪಟ್ಟ ಪಾಡು. ಅಲಂಕಾರವಿಲ್ಲದೆ, ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ಹೇಳುವ ಹಾಗೆ.

ಕಿರಿಯ ಬೋಧಕ ಬಿಳಿಚಿ ಕೂತ. ಕೆಲವರು ಚಪ್ಪಲಿ ಹುಡುಕಿಕೊಂಡು ಇಳಿದು ಹೋದರು. ಎದ್ದು ನಿಂತವನು ಕೆಳಗಿನ ಅಂಗಡಿಯಲ್ಲಿ ಹಾಸಿಗೆಗೆ ಹತ್ತಿ ತುಂಬುವವನು, ವಯಸ್ಸಾದವನು.

"ಆ ದನಿ ಕೇಳಿ ನಾನು ಕುಡಿಯೋದು ಬಿಟ್ಟೆ," ಎಂದ. ಅವನ ಕೈ ಕುರ್ಚಿಯ ಬೆನ್ನನ್ನು ಹಿಡಿದಿತ್ತು. "ಇಪ್ಪತ್ತು ವರ್ಷ ಆಯ್ತು. ಕುಡೀಬೇಕು ಅನ್ನಿಸಿದಾಗೆಲ್ಲ ಅದನ್ನ ನೆನೆಸಿಕೊಂಡು ಸಾರಾಯಿ ಅಂಗಡಿ ಬಾಗಿಲಿಂದ ವಾಪಸ್ಸು ಬರ್ತಿದ್ದೆ. ಈಗ ಅದು ನಿಮ್ಮಮ್ಮನ ಅಳು ಅಂತೀಯಲ್ಲ ತಾಯಿ, ನಾನಿನ್ನು ಏನು ಹಿಡ್ಕೊಂಡು ನಿಂತ್ಕೊಳ್ಲಿ?"

ಹೆದರಿಕೆಯೂ ಒಂದು ಊರುಗೋಲೇ ಆಗಿದ್ದವರ ಕೈಯಿಂದ ಅದನ್ನು ಕಿತ್ತುಕೊಂಡೆನೇ ಎಂದು ಕಿವಿಯಕ್ಕ ಅಮ್ಮನ ಕಡೆ ತಿರುಗಿದಳು. ಅಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಅವನ ಹತ್ತಿರ ಹೋದಳು.

"ಒಂದು ತಾಯಿ ಅಳೋದು ಕೇಳಿ ಬಿಟ್ಟೆ ಅಂದ್ಕೋಪ್ಪಾ," ಎಂದಳು. "ಅದೇನು ಕಮ್ಮೀನಾ?"

ಅವನು ಕುರ್ಚಿಯ ಬೆನ್ನು ಬಿಟ್ಟ. ಕೂತುಕೊಂಡ, ಅಷ್ಟೇ. ಮುಂದೆ ಅವನು ಕುಡಿದನೋ ಇಲ್ಲವೋ ಯಾರೂ ವಿಚಾರಿಸಲಿಲ್ಲ. ಅಂಗಡಿಯಲ್ಲಿ ಹತ್ತಿ ತುಂಬುತ್ತಲೇ ಇದ್ದ.

ಸಭೆ ಒಡೆಯಿತು. ಕಿರಿಯ ಬೋಧಕ ತನ್ನವರನ್ನು ಕರೆದುಕೊಂಡು ಬೇರೆ ಬೀದಿಯಲ್ಲಿ ಕೂಟ ಶುರುಮಾಡಿದ. ಅಲ್ಲಿ ಪರದೆಯ ಮೇಲೆ ಬೆಂಕಿಯ ಚಿತ್ರ ತೋರಿಸುತ್ತಾರೆಂದು ಸುದ್ದಿ ಬಂತು. ಮಹಡಿಯಲ್ಲಿ ಉಳಿದ ಕೆಲವರು ಹಾಡುತ್ತಾರೆ, ಓದುತ್ತಾರೆ, ಯಾರ ಮನೆಯಲ್ಲಿ ಕಾಯಿಲೆಯೋ ಅವರನ್ನು ನೋಡಿಬರುತ್ತಾರೆ. ಕಿವಿಯಕ್ಕ ಹೋಗುತ್ತಾಳೆ. ಹೆದರಿಕೆ ಹೋಗಿಲ್ಲ. ಕಡ್ಡಿ ಗೀರಿದರೆ ಈಗಲೂ ಕಿಟಕಿ ತೆರೆಯಲು ಏಳುತ್ತಾಳೆ. ಮೈಗೆ ಕಲಿಸಿದ ಪಾಠ ಬುದ್ಧಿ ಹೇಳಿದ ಕೂಡಲೆ ಅಳಿಸುವುದಿಲ್ಲ. "ಹಾಗಾದ್ರೆ ನರಕ ಇಲ್ವಾ?" ಎಂದು ಗಂಡ, ಆ ಹಳೆಯ ತಮಾಷೆಯ ಬಳಿಕ ಮೊದಲ ಸಲ, ಧೈರ್ಯ ಮಾಡಿ ಕೇಳಿದ. "ಗೊತ್ತಿಲ್ಲ," ಎಂದಳು ಅವಳು. "ಇದೆ ಅಂತ ಹೇಳೋಕೆ ಇನ್ನೊಬ್ಬರ ಅಳು ತೋರಿಸ್ಬೇಕಾದ್ರೆ, ನಾನು ಹೇಳೋದಿಲ್ಲ." ಅವನು ತಲೆಯಾಡಿಸಿದ. ಈ ಸಲ ತಮಾಷೆ ಮಾಡಲಿಲ್ಲ.

ಒಂದು ಸಂಜೆ ಅಮ್ಮ ಅವಳನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಅಪ್ಪನ ಹೊಸ ಮಣ್ಣಿನ ದಿಬ್ಬಕ್ಕಲ್ಲ. ಕಾಂಪೌಂಡಿನ ಹಿಂಬದಿಗೆ, ಹುಲ್ಲು ಬೆಳೆದ ಮೂಲೆಗೆ. ಅಲ್ಲಿ ಕಲ್ಲಿರಲಿಲ್ಲ, ಗುರುತಿರಲಿಲ್ಲ. ಅಮ್ಮ ಅತ್ತಿತ್ತ ನಡೆದು, "ಇಲ್ಲೇ ಇರ್ಬೇಕು... ಇಲ್ಲ, ಆ ಕಡೆ" ಎಂದು ಕೊನೆಗೆ ಒಂದು ಕಡೆ ಕೂತಳು. ಮಗಳೂ ಕೂತಳು. ಗಾಳಿ ಇರಲಿಲ್ಲ. ಆದರೂ ಗೋಡೆಯ ಬುಡದ ಹುಲ್ಲಿನಲ್ಲಿ ಒಂದೇ ಒಂದು ಕಡೆ, ಯಾರೋ ಮಗ್ಗಲು ಬದಲಿಸಿದಂತೆ, ಅಲುಗಾಡಿ ನಿಂತಿತು. ಹಲ್ಲಿಯೋ, ಇಲಿಯೋ. ಇಬ್ಬರೂ ನೋಡಿದರು.

"ಅಪ್ಪ ಈಗ ಎಲ್ಲಿರಬಹುದಮ್ಮಾ?" ಎಂದು ಮಗಳು ಕೇಳಿದಳು.

"ನಿಮ್ಮಕ್ಕನ್ನ ಹುಡುಕ್ತಿರ್ತಾರೆ," ಎಂದಳು ಅಮ್ಮ. "ಬೇಗ ಸಿಗಲ್ಲ. ಆ ಮನುಷ್ಯನಿಗೆ ದಾರಿ ಕೇಳೋ ಅಭ್ಯಾಸವೇ ಇಲ್ಲ. ಬರೀ ಹೇಳೋದು."

ಅವಳೇ ನಕ್ಕಳು. ನಗುವಿನ ಕೊನೆಗೆ ಕಣ್ಣೊರೆಸಿಕೊಂಡು, ಮಗಳ ಭುಜ ಹಿಡಿದು ಎದ್ದಳು. "ಏಳು, ನಿನ್ನ ಗಂಡನ ಬಸ್ಸು ಬರೋ ಹೊತ್ತಾಯ್ತು."